ತಮ್ಮ ಜೈಲಿನಿಂದಲೇ ಅಪೀಲು ಬಿಡ್ತೀನಿ ಅಂತಿದ್ದಾನೆ. ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಹೊಡೆದಾಟದ ಕೇಸಿನಲ್ಲಿ ನನ್ನ ತಮ್ಮನಿಗೆ ಸೆಷನ್ಸ್ ಕೋರ್ಟ್ ಐಪಿಸಿ 326ರಲ್ಲಿ (ಆಯುಧದಿಂದ ತೀವ್ರ ಗಾಯ ಮಾಡಿದ ಅಪರಾಧ) 4 ವರ್ಷ ಶಿಕ್ಷೆ ಕೊಟ್ಟಿದೆ. 2023ರಲ್ಲಿ ಹೈಕೋರ್ಟಿಗೆ ಅಪೀಲು ಹಾಕಿದೆವು. ಆಗ ಜಾಮೀನು ಸಿಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ಶಿಕ್ಷೆ ಮುಗಿದಿದೆ, ಅಪೀಲು ಮಾತ್ರ ವಿಚಾರಣೆಗೆ ಬಂದಿಲ್ಲ. ಫೀಸಿಗೆ ಅಮ್ಮನ ಓಲೆ ಅಡ ಇಟ್ಟಾಯ್ತು. ವಾಪಸ್ ತಗೊಂಡ್ರೆ ಬೇಗ ಬಿಡ್ತಾರೆ, ನಡೆಸಿದ್ರೆ ಶಿಕ್ಷೆ ಏರಿಸ್ತಾರೆ ಅಂತ ಒಳಗೆ ಯಾರೋ ಅವನ ತಲೆಗೆ ತುಂಬಿದ್ದಾರೆ.

ವಕೀಲರು: ಅಕ್ಕಾ, ಎರಡೂ ಸುಳ್ಳು. ಅಪೀಲು ಬಿಟ್ಟರೆ ಬಿಡುಗಡೆಯ ತಾರೀಖು ಒಂದು ದಿನವೂ ಬೇಗ ಬರುವುದಿಲ್ಲ. ಅಪೀಲು ಕಾಯುತ್ತಾ ಜೈಲಿನಲ್ಲಿ ಕಳೆದ ದಿನವೂ ಶಿಕ್ಷೆಯ ಲೆಕ್ಕಕ್ಕೇ ಸೇರುತ್ತದೆ. ಇನ್ನು, ಆರೋಪಿ ಹಾಕಿದ ಅಪೀಲಿನಲ್ಲಿ ಶಿಕ್ಷೆ ಏರಿಸುವಂತಿಲ್ಲ ಅಂತ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 386ನೇ ಸೆಕ್ಷನ್ ಹೇಳುತ್ತದೆ. ಶಿಕ್ಷೆ ಸಾಲದು ಅಂತ ಸರ್ಕಾರ ಬೇರೆ ಅಪೀಲು ಹಾಕಿದೆಯಾ, ಅದನ್ನು ಮಾತ್ರ ವಿಚಾರಿಸಿ. ನಿಮ್ಮದು 2023ರದ್ದು, ಹಾಗಾಗಿ ಅದರ ಬದಲಿಗೆ ಬಂದ ಹೊಸ ಬಿಎನ್‌ಎಸ್‌ಎಸ್ ಅಲ್ಲ, ಹಳೇ ಸಿಆರ್‌ಪಿಸಿಯೇ ನಡೆಯುತ್ತದೆ.

ಬಿಟ್ಟರೆ ಹೋಗುವುದು ಏನು ಗೊತ್ತಾ? ಅಪರಾಧಿ ಅನ್ನುವ ತೀರ್ಪು ಖಾಯಂ ಆಗುತ್ತದೆ. ನಾಳೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಅಂದಾಗ ಅದೇ ಕಾಗದ ಎದುರಿಗೆ ಬರುತ್ತದೆ. ಒಮ್ಮೆ ವಾಪಸ್ ತಗೊಂಡ ಅಪೀಲನ್ನು ಮತ್ತೆ ತೆರೆಸುವುದು ಬಹಳ ಕಷ್ಟ. ದಯವಿಟ್ಟು ನಿಮ್ಮ ತಮ್ಮ ಅಪೀಲು ವಾಪಸ್ ಪಡೆಯುವ ಯಾವ ಮೆಮೋಗೂ ಸಹಿ ಹಾಕದಿರಲಿ.

ಅಪೀಲು ಮುಗಿಯುವವರೆಗೆ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಅಂತ ಸಿಆರ್‌ಪಿಸಿ 389ರಲ್ಲಿ ಮತ್ತೆ ಅರ್ಜಿ ಹಾಕಿಸಿ. ಒಮ್ಮೆ ತಿರಸ್ಕಾರ ಆಗಿದ್ದರೂ ಹಾಕಬಹುದು. ಅರ್ಧ ಶಿಕ್ಷೆ ಮುಗಿದಿರುವುದು ಈಗ ದೊಡ್ಡ ಬಲ. ಎಷ್ಟು ದಿನ ಒಳಗಿದ್ದಾನೆ ಅನ್ನುವ ಕಸ್ಟಡಿ ಸರ್ಟಿಫಿಕೇಟನ್ನು ಜೈಲಿನಿಂದ ತೆಗೆದುಕೊಂಡು ಜೊತೆಗಿಡಿ. ನಿಮ್ಮ ತಮ್ಮನಿಗೆ ನಿಜಕ್ಕೂ ಹೋರಾಟ ಬೇಡವಾಗಿದ್ದರೆ ಇನ್ನೊಂದು ದಾರಿ ಇದೆ. ತಪ್ಪಿತಸ್ಥ ಅನ್ನುವುದನ್ನು ಪ್ರಶ್ನಿಸದೆ, ಅನುಭವಿಸಿದಷ್ಟಕ್ಕೇ ಶಿಕ್ಷೆ ಇಳಿಸಿ ಅಂತ ವಾದಿಸಬಹುದು. 326ಕ್ಕೆ ಕನಿಷ್ಠ ಶಿಕ್ಷೆ ಅಂತಿಲ್ಲ, ಅದಕ್ಕೇ ಇದು ಸಾಧ್ಯ. ಕನಿಷ್ಠ ಶಿಕ್ಷೆ ನಿಗದಿಯಾಗಿರುವ ಪೋಕ್ಸೊದಂಥ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಕೇಸಿನಲ್ಲಿ ಆಗುತ್ತಿರಲಿಲ್ಲ.

ಪ್ರಶ್ನೆ: ಸರ್, ಈಗಿನ ವಕೀಲರು ಫೋನೇ ಎತ್ತಲ್ಲ. ಅವರು ಬರಲಿಲ್ಲ ಅಂತ ಕೋರ್ಟೇ ವಜಾ ಮಾಡಿಬಿಟ್ಟರೆ?

ವಕೀಲರು: ಆ ಒಂದೇ ಕಾರಣಕ್ಕೆ ಮಾಡುವಂತಿಲ್ಲ. 1996ರ ಬಾನಿ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ದಾಖಲೆ ನೋಡಿ, ಗುಣಾವಗುಣದ ಮೇಲೆಯೇ ತೀರ್ಮಾನಿಸಬೇಕು. ಆದರೆ ಪರವಾಗಿ ಮಾತಾಡುವವರೇ ಇಲ್ಲದೆ ಅದು ತೀರ್ಮಾನವಾಗುವುದು ಬೇಡ, ಅಲ್ವಾ? ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಇದೆ. ಜೈಲು ಸೂಪರಿಂಟೆಂಡೆಂಟ್ ಮೂಲಕ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಕಳಿಸಲಿ. ನೀವು ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಇನ್ನೊಂದು ಒಡವೆ ಅಡ ಇಡಬೇಡಿ ಅಕ್ಕಾ.

ಇನ್ನೊಬ್ಬರ ಪ್ರಶ್ನೆ: ಸರ್, ಅಪೀಲು ಬಾಕಿ ಇರುವಾಗಲೇ ನಮ್ಮ ತಂದೆ ಹೋದ ತಿಂಗಳು ತೀರಿಕೊಂಡರು. ಕೇಸು ತಾನಾಗೇ ಮುಗಿಯಿತಾ?

ವಕೀಲರು: ನೀವು ಸುಮ್ನಿದ್ದರೆ ಮುಗಿಯುತ್ತದೆ, ಅವರ ಹೆಸರಿನ ಮೇಲಿನ ತೀರ್ಪು ಹಾಗೇ ಉಳಿಯುತ್ತದೆ. ಅಪೀಲು ಮುಂದುವರಿಸಲು ಅನುಮತಿ ಕೇಳುವ ಹಕ್ಕು ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರಿಗೆ ಇದೆ. ಗಡುವು ತೀರಿಕೊಂಡ ದಿನದಿಂದ 30 ದಿನ. ನಾಳೆ ಬೆಳಿಗ್ಗೆಯೇ ಮರಣ ಪ್ರಮಾಣಪತ್ರ ಹಿಡಿದು ನಿಮ್ಮ ವಕೀಲರ ಹತ್ತಿರ ಹೋಗಿ.