ಗೋಬರ್ ಗ್ಯಾಸ್ ಒಲೆ: ಬೆಳಿಗ್ಗೆ ಉರಿ ಹಾರಿ ಆರುತ್ತೆ, ರಾತ್ರಿ ಅನ್ನ ಬೇಯಲ್ಲ

ತೋಟದಮನೆ
ತಲೆ ಕೆಟ್ಟುಹೋಗಿದೆ. ಎರಡು ಬರ್ನರಿನ ಸ್ಟೀಲ್ ಒಲೆ, ಜೆಟ್ (ಬರ್ನರಿಗೆ ಗ್ಯಾಸ್ ಬಿಡೋ ಸಣ್ಣ ತೂತು) ದೊಡ್ಡದು ಮಾಡಿಸಿದ್ದಾಗಿದೆ. ಬೆಳಿಗ್ಗೆ ಹಚ್ಚಿದರೆ ಬುಸ್ ಅಂತ ಸದ್ದು, ಉರಿ ಬರ್ನರ್ ಬಿಟ್ಟು ಮೇಲೆದ್ದು ಆರಿಹೋಗುತ್ತೆ. ರಾತ್ರಿ ಅದೇ ಒಲೆ ಮಿಣಿಮಿಣಿ, ಅನ್ನಕ್ಕೆ ಕುದಿಯೇ ಬರಲ್ಲ. ಸಗಣಿ ಸರಿಯಾಗಿಯೇ ಹಾಕ್ತಿದ್ದೇವೆ. ಒಲೆ ಬದಲಿಸಬೇಕಾ?

ಬಗ್ಗಡಗುಂಡಿ
ಪೈಪಲ್ಲಿ ನೀರು ನಿಂತಿದೆ. ತಗ್ಗಿನ ಜಾಗ ಹುಡುಕಿ ನೀರು ಬಸಿಯಿರಿ, ಮುಗೀತು.

ಜೆಟ್_ಸೂಜಿ
ನಿಮ್ಮ ಸ್ಥಾವರ ಕಟ್ಟಿದ ಗುಮ್ಮಟದ್ದೋ, ಮೇಲೆ ಕೆಳಗೆ ಆಡುವ ಡ್ರಮ್ಮಿನದೋ? ಜೆಟ್ ಎಷ್ಟು ಮಿ.ಮೀ. ಮಾಡಿಸಿದ್ರಿ? ಪೈಪ್ ಎಷ್ಟು ಉದ್ದ? ಇದು ಹೇಳದೆ ಒಲೆ ಬದಲಿಸಿ ಅನ್ನೋಕೆ ಆಗಲ್ಲ.

ತೋಟದಮನೆ
ಗುಮ್ಮಟದ್ದೇ, ದೀನಬಂಧು ಮಾದರಿ ಅಲ್ವಾ, ಎಲ್ಲರ ಮನೇಲೂ ಅದೇ ಇರೋದು. 2 ಘನ ಮೀಟರ್. ಅರ್ಧ ಇಂಚಿನ ಪೈಪ್, 30 ಮೀಟರ್. ಜೆಟ್ 1.25.

ಬಗ್ಗಡಗುಂಡಿ
ಅರ್ಧ ಇಂಚಾ! ಒಂದಿಂಚು ಹಾಕಿ ಮಾರಾಯ್ರೆ. ಅದರಲ್ಲಿ ನೀರು ನಿಲ್ಲದೆ ಇನ್ನೆಲ್ಲಿ ನಿಲ್ಲುತ್ತೆ.

ಜೆಟ್_ಸೂಜಿ
ನೀರು ನಿಂತರೆ ಉರಿ ಗುಳುಗುಳು ಅಂತ ಕುಣಿಯುತ್ತೆ. ಇವರ ಉರಿ ಕುಣಿಯುತ್ತಿಲ್ಲ, ಬೆಳಿಗ್ಗೆ ಒಂದು ಥರ, ರಾತ್ರಿ ಒಂದು ಥರ. ಗುಮ್ಮಟದ ಸ್ಥಾವರದಲ್ಲಿ ಒತ್ತಡ ಒಂದೇ ಮಟ್ಟದಲ್ಲಿ ಇರೋದಿಲ್ಲ. ರಾತ್ರಿಯಿಡೀ ಗ್ಯಾಸ್ ತುಂಬಿ ಸ್ಲರಿಯನ್ನು (ಸಗಣಿ ಬಗ್ಗಡ) ಹೊರಗಿನ ತೊಟ್ಟಿಗೆ ತಳ್ಳಿರುತ್ತೆ; ಆ ಎತ್ತರದ ವ್ಯತ್ಯಾಸವೇ ಒತ್ತಡ. ತುಂಬಿದಾಗ 90 ಸೆಂ.ಮೀ. ನೀರಿನಷ್ಟು ಹೋಗಬಹುದು, ಖಾಲಿಯಾಗುತ್ತಾ ಸೊನ್ನೆಗೆ ಇಳಿಯುತ್ತೆ. ಡ್ರಮ್ಮಿನದಾದರೆ ಡ್ರಮ್ಮಿನ ತೂಕವೇ ಒತ್ತಡ, 7-10 ಸೆಂ.ಮೀ.ಗೆ ನಿಂತುಬಿಡುತ್ತೆ.

ಊಹೆ ಬೇಡ, ಅಳೆಯಿರಿ. ಗಾರೆ ಕೆಲಸದವರ ಮಟ್ಟದ ಟ್ಯೂಬ್ 3 ಮೀಟರ್ ತಗೊಂಡು ಹಲಗೆಗೆ U ಆಕಾರದಲ್ಲಿ ಕಟ್ಟಿ, ಎರಡೂ ಕಾಲು ಒಂದೊಂದು ಮೀಟರ್ ಇರಲಿ. ಅರ್ಧದವರೆಗೆ ನೀರು. ಒಂದು ತುದಿ ಒಲೆಯ ಹತ್ತಿರ ಪೈಪಿಗೆ, ಇನ್ನೊಂದು ತೆರೆದೇ ಇರಲಿ. ಎರಡು ಮಟ್ಟಗಳ ನಡುವಿನ ಅಂತರ ಓದಿ, ಒಲೆ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ. ಹಚ್ಚಿದಾಗ ಧಡಕ್ಕನೆ ಬಿದ್ದರೆ ಬಗ್ಗಡಗುಂಡಿಯವರು ಹೇಳಿದ್ದೇ ಸರಿ.

ಸುಣ್ಣದಗೂಡು
ಒತ್ತಡ ಗಿತ್ತಡ ಬಿಡಿ, ಗ್ಯಾಸಿನಲ್ಲಿ ಇಂಗಾಲದ ಡೈ ಆಕ್ಸೈಡ್ ಜಾಸ್ತಿ. ಸುಣ್ಣದ ನೀರಲ್ಲಿ ಹಾಯಿಸಿದರೆ ಉರಿ ನೀಲಿ ಖಡಕ್ ಆಗುತ್ತೆ.

ಜೆಟ್_ಸೂಜಿ
ಲೆಕ್ಕ ಹಾಕಿ ಸಾರ್. ಶೇ. 40 ಇದ್ದರೆ ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 1.2 ಕೆ.ಜಿ. ಅರಳಿದ ಸುಣ್ಣ ಬೇಕು. ತಿಳಿ ಸುಣ್ಣದ ನೀರಾದರೆ 700 ಲೀಟರಿಗೂ ಮೇಲೆ. ದಿನಾ ಅಷ್ಟು ಸುಣ್ಣ ಸುರಿಯುವುದಕ್ಕಿಂತ ಸೌದೆ ಒಲೆ ಅಗ್ಗ.

ಸುಣ್ಣದಗೂಡು
ಕಬ್ಬಿಣದ ತುರಿ ಫಿಲ್ಟರ್ ಆದರೂ ಹಾಕಬಹುದಲ್ಲ.

ಜೆಟ್_ಸೂಜಿ
ಅದು ಕೊಳೆತ ಮೊಟ್ಟೆ ವಾಸನೆಯ ಗ್ಯಾಸಿಗೆ. ವಾಲ್ವ್, ಜೆಟ್ ತುಕ್ಕು ಹಿಡಿಯೋದು ತಪ್ಪುತ್ತೆ. ಕಾವು ಹೆಚ್ಚಲ್ಲ.

ತೋಟದಮನೆ
ಬೆಳಿಗ್ಗೆ ಆರಿಸಿದಾಗ 640 ಮಿ.ಮೀ., ಹಚ್ಚಿದರೆ 635. ರಾತ್ರಿ 60, ಹಚ್ಚಿದರೆ 58. ರಾತ್ರಿ ತಡೆಯಕ್ಕಾಗದೆ ಸಿಲಿಂಡರ್ ವಾಲ್ವ್ ತಿರುಗಿಸಿ ಅನ್ನ ಮಾಡೋದು.

ಜೆಟ್_ಸೂಜಿ
ಪೈಪಿನಲ್ಲಿ ಒತ್ತಡದ ನಷ್ಟ 5 ಮಿ.ಮೀ. ಕೂಡ ದಾಟಿಲ್ಲ, ಆ ವಿಷಯ ಮುಗೀತು. ಇದಕ್ಕಿಂತ ಮುಖ್ಯ: ಯಾವ ಸಿಲಿಂಡರ್? ಅದೇ ಒಲೆಗಾ?

ತೋಟದಮನೆ
ಹೌದು, ಎಲ್‌ಪಿಜಿ ಸಿಲಿಂಡರ್. ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಎರಡೂ ಒಂದೇ ಒಲೆಗೆ. ಆ ಕಡೆ ಈ ಕಡೆ ಬಾಲ್ ವಾಲ್ವ್ ಇದೆ.

ಜೆಟ್_ಸೂಜಿ
ಮೊದಲು ಆ ಟೀ ಬಿಚ್ಚಿ. ಇವತ್ತೇ. ಎಲ್‌ಪಿಜಿ ರೆಗ್ಯುಲೇಟರ್ ಕೊಡೋ ಒತ್ತಡ ಸುಮಾರು 300 ಮಿ.ಮೀ., ರಾತ್ರಿ ನಿಮ್ಮ ಗುಮ್ಮಟದಲ್ಲಿ ಇರೋದು 60. ಬಾಲ್ ವಾಲ್ವ್ ಸ್ವಲ್ಪ ಸೋರಿದರೂ ಎಲ್‌ಪಿಜಿ ವಾಪಸ್ ಗುಮ್ಮಟಕ್ಕೆ ಹೋಗುತ್ತೆ. ಸಿಲಿಂಡರಿಗೆ ಬೇರೆ ಒಲೆ ಇಡಿ, ಏಕೆಂದರೆ ಈಗ ಹೇಳುವ ಜೆಟ್ಟಿಗೆ ಎಲ್‌ಪಿಜಿ ಬಿಟ್ಟರೆ 6-7 ಪಟ್ಟು ಕಾವು, ಗಾಳಿ ಸಾಲದೆ ಹಳದಿ ಉರಿ, ಮಸಿ, ಕಾರ್ಬನ್ ಮೊನಾಕ್ಸೈಡ್.

ಜೆಟ್ ಲೆಕ್ಕ: ಕಾವು ಜೆಟ್ಟಿನ ವ್ಯಾಸದ ವರ್ಗಕ್ಕೆ, ಒತ್ತಡದ ವರ್ಗಮೂಲಕ್ಕೆ ಮತ್ತು ಗ್ಯಾಸಿನ ವೋಬ್ ಅಂಕಿಗೆ (ಒಂದೇ ಜೆಟ್, ಒಂದೇ ಒತ್ತಡದಲ್ಲಿ ಯಾವ ಗ್ಯಾಸ್ ಎಷ್ಟು ಕಾವು ಕೊಡುತ್ತೆ ಅನ್ನೋ ಅಳತೆ) ತಕ್ಕಂತೆ. ಎಲ್‌ಪಿಜಿಯ ವೋಬ್ 80ರ ಆಸುಪಾಸು, ಗೋಬರ್ ಗ್ಯಾಸಿನದು 24ರ ಆಸುಪಾಸು. ಎಲ್‌ಪಿಜಿ ಒಲೆಯ ಸಣ್ಣ ಬರ್ನರಿನ 0.7 ಜೆಟ್ 300 ಮಿ.ಮೀ. ಒತ್ತಡದಲ್ಲಿ ಕೊಡುವಷ್ಟು ಕಾವು ಗೋಬರ್ ಗ್ಯಾಸಿಂದ 75 ಮಿ.ಮೀ. ಒತ್ತಡದಲ್ಲಿ ಬೇಕಾದರೆ ಜೆಟ್ 1.8 ಮಿ.ಮೀ.; ದೊಡ್ಡ ಬರ್ನರಿನ 0.9ಕ್ಕೆ 2.3. ನಿಮ್ಮ 1.25 ರಾತ್ರಿಗೆ ಸಾಲದು, ಬೆಳಿಗ್ಗೆ ಅದರಲ್ಲೇ 3.3 ಪಟ್ಟು ಗ್ಯಾಸ್ ನುಗ್ಗುತ್ತೆ.

ಬೆಳಗಿನದಕ್ಕೆ ಒಲೆಗೆ ಬರುವ ಪೈಪಲ್ಲಿ ಒಂದು ಗೇಟ್ ವಾಲ್ವ್, ಅದು ದಾಟಿದ ಮೇಲೆ ಅದೇ U ಟ್ಯೂಬ್. ಉರಿ ಹಚ್ಚಿಕೊಂಡು ವಾಲ್ವ್ ತಿರುಗಿಸಿ 75ಕ್ಕೆ ತನ್ನಿ. ಬಾಲ್ ವಾಲ್ವ್ ಬೇಡ, ಕಾಲು ಸುತ್ತಿನಲ್ಲಿ ಎಲ್ಲ ಮುಗಿದುಹೋಗುತ್ತೆ. ಎಲ್‌ಪಿಜಿ ರೆಗ್ಯುಲೇಟರ್ ಇಲ್ಲಿ ಕೆಲಸಕ್ಕೆ ಬಾರದು. ಒಲೆ ಆರಿಸುವಾಗ ಗೇಟ್ ವಾಲ್ವನ್ನೇ ಮೊದಲು ಮುಚ್ಚಿ, ಆಮೇಲೆ ನಾಬ್.

ಬರ್ನರ್ ಟೋಪಿಯ ತೂತು ಎಷ್ಟಿವೆ? 1.8ರ 70 ತೂತಿದ್ದರೆ ಒಟ್ಟು 180 ಚದರ ಮಿ.ಮೀ. ಮಾತ್ರ, ಈ ಗ್ಯಾಸಿಗೆ ಇಕ್ಕಟ್ಟು. ಇದರ ಉರಿ ನಿಧಾನದ್ದು, ಗ್ಯಾಸ್-ಗಾಳಿ ಮಿಶ್ರಣ ಜೋರಾಗಿ ಬಂದರೆ ಬರ್ನರ್ ಬಿಟ್ಟು ಮೇಲೇಳುತ್ತೆ. 2.5ಕ್ಕೆ ಕೊರೆದರೆ 340 ಆಗುತ್ತೆ. ಅದಕ್ಕೂ ದೊಡ್ಡದು ಬೇಡ, ಉರಿ ಒಳಗೆ ಹೊಕ್ಕುತ್ತೆ. ಗಾಳಿ ಕಿಂಡಿ ಪೂರ್ತಿ ಮುಚ್ಚಿ ಹಚ್ಚಿ, ಹಳದಿ ತುದಿ ಹೋಗುವಷ್ಟೇ ತೆರೆಯಿರಿ.

ಬಗ್ಗಡಗುಂಡಿ
ಇಷ್ಟೆಲ್ಲ ಯಾಕೆ, ಡ್ರಮ್ಮಿನ ಸ್ಥಾವರ ಕಟ್ಟಿಸಿದರೆ ಯಾವ ತಾಪತ್ರಯವೂ ಇಲ್ಲ. ನಮ್ಮದು 6 ಘನ ಮೀಟರ್, ಒಂದಿಂಚಿನ ಪೈಪ್, ಮೂರು ಒಲೆ ಒಟ್ಟಿಗೆ ಉರಿಯುತ್ತೆ.

ಸುಣ್ಣದಗೂಡು
ಡ್ರಮ್ಮಿಗೆ ವರ್ಷ ವರ್ಷ ಬಣ್ಣ ಬಳಿಯೋರು ಯಾರು? ತುಕ್ಕು ತಿಂದು ತೂತು ಬಿದ್ದಾಗ ಗೊತ್ತಾಗುತ್ತೆ.

ಬಗ್ಗಡಗುಂಡಿ
ಫೈಬರ್ ಡ್ರಮ್ ಅಂತ ಒಂದಿದೆ, ಕೇಳಿದ್ದೀರಾ?

ಬೆಂಗಳೂರು_ಅಡುಗೆ
ಮಧ್ಯೆ ಬಾಯಿ ಹಾಕ್ತಿದ್ದೇನೆ. ನಮ್ಮಲ್ಲಿ ಪೈಪ್ ಗ್ಯಾಸ್ ಬಂತು. 0.7 ಜೆಟ್ಟನ್ನು ಎಷ್ಟಕ್ಕೆ ಕೊರೆಯಬೇಕು?

ಜೆಟ್_ಸೂಜಿ
ವೋಬ್ 50, ಒತ್ತಡ 210 ಮಿ.ಮೀ. ಅಂತ ಹಿಡಿದರೆ 0.97, ಅಂದರೆ 1.0. ಆದರೆ ನೀವು ಕೊರೆಯಬೇಡಿ, ಸಂಪರ್ಕ ಕೊಡುವವರೇ ಜೆಟ್ ಬದಲಿಸಿ ಸೋರಿಕೆ ನೋಡಿಕೊಡ್ತಾರೆ. ತೋಟದಮನೆಯವರೇ, ಟೀ ಬಿಚ್ಚಿದ್ರಾ?