ಸಹಾಯ ಬೇಕು: ಹಳೆಯ ಕಂಪ್ಯೂಟರ್‌ಗಳ ಕಿರು ಡೆಬಿಯನ್ ಇಮೇಜ್‌ನಲ್ಲಿ ಏನೇನು ಇರಬೇಕು?

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನಮ್ಮೂರ ಗ್ರಂಥಾಲಯಕ್ಕೆ ದಾನವಾಗಿ ಬಂದಿರುವ, ತಲಾ 2 ಜಿಬಿ ರ‍್ಯಾಮ್‌ನ ಆರು ಹಳೆಯ ಕಂಪ್ಯೂಟರ್‌ಗಳಿಗಾಗಿ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ 12ರ ಕಿರು ಇಮೇಜೊಂದನ್ನು (ಯಂತ್ರಗಳಿಗೆ ನೇರವಾಗಿ ನಕಲಿಸಬಹುದಾದ ಸಿದ್ಧ ಪ್ರತಿ) ಸಿದ್ಧಪಡಿಸುತ್ತಿದ್ದೇನೆ. ಮೂಲ ವ್ಯವಸ್ಥೆಯನ್ನು ಕಟ್ಟಿಕೊಡುವ ಡೆಬ್‌ಬೂಟ್‌ಸ್ಟ್ರ್ಯಾಪ್‌ನಲ್ಲಿ ತೀರಾ ಅಗತ್ಯದ್ದನ್ನಷ್ಟೇ ಹಾಕುವ ಮಿನ್‌ಬೇಸ್ ಆಯ್ಕೆಯಿಂದ ಆರಂಭಿಸಿ, ಶಿಫಾರಸಿನ ಪ್ಯಾಕೇಜ್‌ಗಳು (ತಂತ್ರಾಂಶದ ಕಟ್ಟುಗಳು) ತಾವಾಗಿಯೇ ಬರದಂತೆ, ಅವನ್ನು ತಂದು ಅಳವಡಿಸುವ ಎಪಿಟಿಯಲ್ಲಿ ತಡೆದು, ಬೇಕಾದದ್ದನ್ನಷ್ಟೇ ಒಂದೊಂದಾಗಿ ಸೇರಿಸುತ್ತಿದ್ದೇನೆ.

ಈ ಜಿಪುಣತನದ ಫಲ ಬೇಗನೆ ಕಂಡಿತು. ಮೊದಲ ಇಮೇಜ್‌ನಲ್ಲಿ ಕನ್ನಡ ಪತ್ರಿಕೆಯ ಪುಟ ತೆರೆದರೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳಿದ್ದವು. ಲೋಹಿತ್ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಯಾಯಿತು. ಆಫ್ ಇದ್ದಾಗಲೂ ಗಡಿಯಾರ ನಡೆಸುವ ಸೀಮಾಸ್ ಸೆಲ್ ಸತ್ತಿರುವ ಒಂದು ಯಂತ್ರವಂತೂ ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯ ವರ್ಷಕ್ಕೆ ಮರಳುತ್ತಿದ್ದುದರಿಂದ, ಭದ್ರತಾ ಪ್ರಮಾಣಪತ್ರ ಅಮಾನ್ಯವೆಂದು ಬ್ರೌಸರ್ ಯಾವ ತಾಣವನ್ನೂ ತೆರೆಯುತ್ತಿರಲಿಲ್ಲ. ಗಡಿಯಾರ ಹೊಂದಿಸುವ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಪ್ರತ್ಯೇಕ ಪ್ಯಾಕೇಜ್ ಎಂಬುದು ನನಗೆ ಆಗಲೇ ತಿಳಿದದ್ದು.

ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವ ಓದುಗರಿಗಾಗಿ ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ಐಬಸ್ ಮತ್ತು ಈ ವಿನ್ಯಾಸವನ್ನು ಒದಗಿಸುವ ಅದರ ಎಂ17ಎನ್ ಪ್ಯಾಕೇಜ್ ಉಳಿಸಿಕೊಳ್ಳುವುದು ಖಚಿತ. ಆಜ್ಞೆಗಳ ಕೈಪಿಡಿಯಾದ ಮ್ಯಾನ್ ಪುಟಗಳನ್ನೂ, ಕನ್ನಡ, ಇಂಗ್ಲಿಷ್ ಬಿಟ್ಟು ಉಳಿದ ಭಾಷೆಗಳ ಅನುವಾದಗಳನ್ನೂ ಡಿಪಿಕೆಜಿಯ (ಪ್ಯಾಕೇಜ್ ಬಿಚ್ಚಿ ಹಾಕುವ ಸಾಧನ) ಪಾತ್-ಎಕ್ಸ್‌ಕ್ಲೂಡ್ ಆಯ್ಕೆಯ ಮೂಲಕ ಕೈಬಿಟ್ಟಿದ್ದೇನೆ.

ನಾನು ತಡವರಿಸುತ್ತಿರುವುದು ಎರಡು ಕಡೆ. ಆರೂ ಯಂತ್ರಗಳ ವೈಫೈ ಚಿಪ್ ಒಂದೇ ಬಗೆಯದಲ್ಲ; ಚಿಪ್‌ಗಳು ಕೆಲಸ ಮಾಡಲು ಬೇಕಾದ ಎಲ್ಲ ಫರ್ಮ್‌ವೇರ್‌ಗಳನ್ನೂ ತುಂಬಿದರೆ ಇಮೇಜ್ ಉಬ್ಬುತ್ತದೆ, ಆಯ್ದು ಹಾಕಿದರೆ ನಾಳೆ ಏಳನೆಯ ಯಂತ್ರ ಬಂದಾಗ ತೊಡಕಾಗುತ್ತದೆ. ಇರುವ ಒಂದೇ ಪ್ರಿಂಟರ್‌ಗಾಗಿ ಆರೂ ಕಡೆ ಮುದ್ರಣ ನಿರ್ವಹಿಸುವ ಕಪ್ಸ್ ಇಡಬೇಕೇ, ಒಂದರಲ್ಲಿಟ್ಟು ಹಂಚಿಕೊಂಡರೆ ಸಾಕೇ? ಇಂಥ ಇಮೇಜ್ ಕಟ್ಟಿ ಅನುಭವವಿರುವವರು ತಮ್ಮ ಪ್ಯಾಕೇಜ್ ಪಟ್ಟಿಯನ್ನು, ಪ್ರತಿಯೊಂದನ್ನೂ ಏಕೆ ಉಳಿಸಿಕೊಂಡಿರೆಂಬ ಕಾರಣದೊಂದಿಗೆ, ದಯವಿಟ್ಟು ತಿಳಿಸಿ.