ಮ್ಯಾನರ್ ಹೌಸ್‌ಗೆ ‘ವಾಡೆ’ ಅನ್ನಬಹುದೇ? ಮನೆ ಕೆಡವಿದರೋ, ಬಿಚ್ಚಿದರೋ?

ಎಲ್ಲರಿಗೂ ನಮಸ್ಕಾರ.

ಲಂಡನ್ ಹತ್ತಿರದ ವಾಟ್‌ಫರ್ಡ್‌ನಲ್ಲಿ ಕ್ಯಾಸಿಯೊಬರಿ ಹೌಸ್ ಅಂತ ಒಂದು ದೊಡ್ಡ ಮನೆ ಇತ್ತು. 1927ರಲ್ಲಿ ಹೋಯಿತು. ಅದರ ಕಥೆ ಬರೆಯಲು ಕೂತವನು ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಮ್ಯಾನರ್ ಹೌಸ್’. ಮೊದಲು ‘ಬಂಗಲೆ’ ಅಂತ ಬರೆದೆ. ಆಮೇಲೆ ನಗು ಬಂತು. ನಮಗೆ ಬಂಗಲೆ ಅಂದರೆ ಸಾಹುಕಾರರ ಮನೆ. ಇಂಡಿಯಾದಿಂದ ಅದೇ ಪದ ಹೊತ್ತುಕೊಂಡು ಹೋದ ಇಂಗ್ಲಿಷರಿಗೆ ಅದು ಒಂದೇ ಅಂತಸ್ತಿನ ಸಾಧಾರಣ ಮನೆ! ‘ಅರಮನೆ’ಯೂ ಆಗದು, ಅಲ್ಲಿದ್ದವರು ಎಸೆಕ್ಸ್‌ನ ಅರ್ಲ್‌ಗಳು, ಅಂದರೆ ಬಿರುದು ಪಡೆದ ಶ್ರೀಮಂತರು, ಅರಸರಲ್ಲ.

ಮ್ಯಾನರ್ ಅಂದರೆ ಮೂಲತಃ ಮನೆಯೇ ಅಲ್ಲ. ಒಬ್ಬ ದೊರೆಯ ಕೈಕೆಳಗಿನ ಭೂಮಿ, ಅದರ ಒಕ್ಕಲು, ಅಲ್ಲಿನ ನ್ಯಾಯ ಪಂಚಾಯಿತಿ, ಎಲ್ಲ ಸೇರಿ ಮ್ಯಾನರ್. ಆ ದೊರೆಯ ಮನೆ ಮ್ಯಾನರ್ ಹೌಸ್. ಕ್ಯಾಸಿಯೊಬರಿ ಭೂಮಿ ಮೊದಲು ಸೇಂಟ್ ಆಲ್ಬನ್ಸ್ ಮಠದ್ದು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ 1546ರಲ್ಲಿ ರಿಚರ್ಡ್ ಮಾರಿಸನ್ ಎಂಬಾತನಿಗೆ ಕೊಟ್ಟ. ಮನೆ ಎದ್ದಿದ್ದು ಆಮೇಲೆ. ಇದು ನಮ್ಮ ಜಹಗೀರಿನ ಹಾಗೇ ಇದೆ ಅಲ್ವಾ? ಹಾಗಿದ್ದರೆ ಉತ್ತರ ಕರ್ನಾಟಕದ ‘ದೇಸಾಯರ ವಾಡೆ’ ಇದಕ್ಕೆ ತೀರಾ ಹತ್ತಿರ ಅಂತ ನನಗನಿಸುತ್ತದೆ. ಆದರೆ ಮೈಸೂರು ಕಡೆಯ ಓದುಗರಿಗೆ ವಾಡೆ ಅಂದರೆ ಧಾನ್ಯ ತುಂಬಿಡುವ ಮಣ್ಣಿನ ವಾಡೆ ನೆನಪಾದರೆ ಕಷ್ಟ.

ಎರಡನೆಯದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು. ‘ಮನೆ ಕೆಡವಿದರು’ ಅಂದರೆ ಮಣ್ಣುಪಾಲಾಯಿತು ಅನ್ನುವ ಅರ್ಥ ಬರುತ್ತದೆ. ಇಲ್ಲಿ ಆಗಿದ್ದು ಅಷ್ಟೇ ಅಲ್ಲ. 1922ರಲ್ಲಿ ಒಳಗಿನ ಸಾಮಾನೆಲ್ಲ ಹರಾಜಾಯಿತು. 1670ರ ದಶಕದಲ್ಲಿ ಹ್ಯೂ ಮೇ ಎಂಬ ವಾಸ್ತುಶಿಲ್ಪಿ ಈ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಮಾಡಿಸಿದ್ದ, ಬಳ್ಳಿ-ಎಲೆ ಕೆತ್ತಿದ ಮರದ ಮೆಟ್ಟಿಲು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. 1932ರಲ್ಲಿ ಅವರು ಕೊಂಡರು. ಮೆಟ್ಟಿಲು ಇದೆ, ಅದು ಹತ್ತಿಸುತ್ತಿದ್ದ ಮಹಡಿ ಇಲ್ಲ.

ನಮ್ಮಲ್ಲಿ ಹಳೇ ತೊಟ್ಟಿಮನೆಯ ಕಂಬ, ಬಾಗಿಲು, ತೊಲೆ ಜೋಪಾನವಾಗಿ ತೆಗೆದು ಮಾರಿದರೆ ‘ಮನೆ ಬಿಚ್ಚಿದರು’ ಅನ್ನುತ್ತೇವೆ. ಕ್ಯಾಸಿಯೊಬರಿಗೂ ಅದೇ ಸರಿ ಅನಿಸುತ್ತದೆ. ಮೊದಲು ಬಿಚ್ಚಿದರು, ಉಳಿದದ್ದನ್ನು ಕೆಡವಿದರು. ಕುದುರೆ ಲಾಯ ಮಾತ್ರ ಇನ್ನೂ ಇದೆ. ಸುತ್ತಲಿನ ತೋಟ ಊರಿನ ಪಾರ್ಕಾಗಿದೆ.

‘ಬಿಚ್ಚು’ ಪದವನ್ನು ಮನೆಗೆ ನಿಮ್ಮ ಕಡೆಯೂ ಬಳಸುತ್ತಾರಾ? ಕರಾವಳಿಯವರು, ಕೊಡಗಿನವರು ಏನನ್ನುತ್ತೀರಿ? ವಾಡೆಯ ಬಗ್ಗೆ ಧಾರವಾಡ, ವಿಜಯಪುರದವರು ಹೇಳಿದ್ದನ್ನೇ ಇಟ್ಟುಕೊಳ್ಳುತ್ತೇನೆ.